ಕೈಕಾಗದದ ಸ್ಕೆಚ್‌ಬುಕ್: ಕೆರೆ ದಂಡೆಗೆ ಒಯ್ಯಲು ಆಗುತ್ತಾ?

ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕ ಒರಟು, ದಪ್ಪ, ಭಾರ. ಬೆಲೆಯೂ ಸ್ವಲ್ಪ ಜಾಸ್ತಿ. ಪೆನ್ನಿನಲ್ಲಿ ಸಣ್ಣ ಸಣ್ಣ ಗೆರೆ ಎಳೆಯುವವರಿಗೆ ಬರೀ ಕಿರಿಕಿರಿ. ಆದರೂ ಗಿಡ, ಹಕ್ಕಿ, ಎಲೆ ನೋಡುತ್ತಾ ಬಣ್ಣದಲ್ಲಿ ದಿನಚರಿ ಬರೆಯುವವರಿಗೆ, ಅದರಲ್ಲೂ ತಲೆ ಸ್ವಲ್ಪ ತಣ್ಣಗಾಗಲಿ ಎಂದು ಆ ರೂಢಿ ಹಚ್ಚಿಕೊಂಡವರಿಗೆ, ಇದನ್ನು ಧೈರ್ಯವಾಗಿ ತಗೊಳ್ಳಿ ಎನ್ನುತ್ತೇನೆ. ಯಾಕೆ ಎಂದು ಹೇಳಲು ಸ್ವಲ್ಪ ಉದ್ದ ಬರೆಯಬೇಕು.

ನಾನು ಚಿತ್ರ ಕಲಿತವಳಲ್ಲ. ಧಾರವಾಡದಲ್ಲಿ ನಮ್ಮದೊಂದು ಮೆಡಿಕಲ್ ಅಂಗಡಿ ಇದೆ. ಇಡೀ ದಿನ ಡಾಕ್ಟರ ಕೈಬರಹ ಓದುವುದು, ಸ್ಟ್ರಿಪ್ ಹಿಂದಿನ ಎಕ್ಸ್‌ಪೈರಿ ತಾರೀಕು ನೋಡುವುದು, ಚಿಲ್ಲರೆ ಹುಡುಕುವುದು. ಬಿಪಿ ಮಾತ್ರೆ ಮಾರುವವಳಿಗೇ ಬಿಪಿ ಬಂತು. ಮಾತ್ರೆ ಜೊತೆಗೆ ವಾಕಿಂಗ್ ಮಾಡಿ ಎಂದರು ಡಾಕ್ಟರು. ಕೆಲಗೇರಿ ಕೆರೆ ಕಡೆ ಹೋಗತೊಡಗಿದೆ. ಆದರೆ ನಡೆಯುವಾಗಲೂ ತಲೆಯೊಳಗೆ ಅಂಗಡಿಯೇ ಓಡುತ್ತಿತ್ತು. ಇವತ್ತು ಯಾವ ಡಿಸ್ಟ್ರಿಬ್ಯೂಟರ್ ಬರುತ್ತಾನೆ, ಇನ್ಸುಲಿನ್ ಸ್ಟಾಕ್ ಎಷ್ಟಿದೆ, ಫ್ರಿಜ್ ಸರಿ ಇದೆಯೋ ಇಲ್ಲವೋ. ಚೀಲದಲ್ಲಿ ಒಂದು ಪುಸ್ತಕ, ಪೆನ್ಸಿಲ್ಲು ಹಾಕಿಕೊಂಡು ಹೋಗಲು ಶುರು ಮಾಡಿದ್ದು ಆಮೇಲೆ.

ಮೊದಲು ಕೊಂಡದ್ದು ಶಾಲೆ ಮಕ್ಕಳ ಸ್ಪೈರಲ್ ಡ್ರಾಯಿಂಗ್ ಪುಸ್ತಕ. ಅಗ್ಗದ್ದು. ಪೆನ್ಸಿಲ್‌ಗೆ ಅಡ್ಡಿಯಿಲ್ಲ. ನೀರು ಮುಟ್ಟಿಸಿದರೆ ಹಾಳೆ ಹಪ್ಪಳದ ಹಾಗೆ ಏಳುತ್ತಿತ್ತು. ಹಿಂದಿನ ಪುಟದ ಬೇವಿನ ಎಲೆ ಮುಂದಿನ ಪುಟದ ಹಕ್ಕಿಯ ಹೊಟ್ಟೆಯಲ್ಲಿ ಕಾಣುತ್ತಿತ್ತು. ಅಂಥ ಪುಸ್ತಕಗಳಲ್ಲಿ ಹಾಳೆಯ ತೂಕ ಸಾಮಾನ್ಯವಾಗಿ ಕಡಿಮೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ನಾವು ಜೆರಾಕ್ಸ್‌ಗೆ ಬಳಸುವುದು 70-80. ನೀರು ಬಣ್ಣಕ್ಕೆ 200ರ ಮೇಲಿದ್ದರೆ ಚೆಂದ, 300 ಇದ್ದರೆ ಚಿಂತೆಯೇ ಇಲ್ಲ.

ಈಗ ಬಳಸುತ್ತಿರುವುದನ್ನು ಮಾರ್ಕೆಟ್ ಹಿಂದಿನ ಓಣಿಯಲ್ಲಿ ಕೂರುವ ಬೈಂಡರ್ ಒಬ್ಬರು ಹೊಲಿದು ಕೊಟ್ಟರು. ಅವರ ಮುಖ್ಯ ಕೆಲಸ ಯೂನಿವರ್ಸಿಟಿ ಹುಡುಗರ ಪ್ರಬಂಧಕ್ಕೆ ರಟ್ಟು ಹಾಕುವುದು. ಬಿಡುವಿದ್ದಾಗ ಕೈಕಾಗದದ ಪುಸ್ತಕ ಮಾಡಿ ಮಾರುತ್ತಾರೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಎ5 ಅಳತೆಗೆ ಹತ್ತಿರ. 80 ಪುಟ. ಹಾಳೆ ರಾಜಸ್ಥಾನದ ಸಾಂಗನೇರ್ ಕಡೆಯದು, 210 ಜಿಎಸ್‌ಎಂ. ಮೇಲೆ ಗುಳೇದಗುಡ್ಡದ ಖಣದ, ಅಂದರೆ ರವಿಕೆ ಬಟ್ಟೆಯ, ಹೊದಿಕೆ. ಬೆಲೆ 650 ರೂಪಾಯಿ. ಚೌಕಾಶಿ ಮಾಡಲು ಹೋದೆ. "ಅಕ್ಕಾರ, ಖಣದ ರೇಟ್ ನಿಮಗ ಗೊತ್ತೈತಲ್ರೀ" ಎಂದರು. ಗೊತ್ತಿತ್ತು. ಸುಮ್ಮನೆ ಕೊಟ್ಟು ಬಂದೆ.

ಈ ಕಾಗದ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ ಅದರ ಗುಣ ಅವಗುಣ ಎರಡೂ ಅರ್ಥವಾಗುತ್ತವೆ. ಮರದ ತಿರುಳು ಇದರಲ್ಲಿಲ್ಲ. ಬನಿಯನ್, ಟೀ ಶರ್ಟ್ ಹೊಲಿಯುವ ಕಡೆ ಉಳಿಯುವ ಹತ್ತಿ ಬಟ್ಟೆಯ ಚೂರುಗಳನ್ನು ಸಣ್ಣಗೆ ಕತ್ತರಿಸಿ, ನೀರಿನಲ್ಲಿ ಹಾಕಿ, ಯಂತ್ರದಲ್ಲಿ ಅರೆದು ಗಂಜಿ ಮಾಡುತ್ತಾರೆ. ಜಾಲರಿ ಚೌಕಟ್ಟನ್ನು ಆ ಗಂಜಿಯಲ್ಲಿ ಅದ್ದಿ ಎತ್ತುತ್ತಾರೆ. ನೀರು ಸೋರಿ ಹೋಗಿ ಒಂದು ತೆಳು ಪದರ ಉಳಿಯುತ್ತದೆ. ಅದನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಒತ್ತಿ, ಒಣಗಿಸಿದರೆ ಒಂದು ಹಾಳೆ. ಒಂದೊಂದನ್ನೂ ಹೀಗೇ ಎತ್ತಬೇಕು. ಅದಕ್ಕೇ ಅಂಚು ಹರಕು ಹರಕಾಗಿರುತ್ತದೆ, ಒಂದು ಹಾಳೆಯಂತೆ ಇನ್ನೊಂದಿರುವುದಿಲ್ಲ. ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಹತ್ತಿಯಲ್ಲಿ ಇಲ್ಲ. ಹಳೇ ನ್ಯೂಸ್‌ಪೇಪರ್ ಹಳದಿಯಾಗುವುದು ಅದರಿಂದಲೇ. ಹತ್ತಿ ಹಾಳೆ ಹಾಗೆ ಬೇಗ ಹಳದಿಯಾಗುವುದಿಲ್ಲ.

ಇಂಥ ಕಾಗದಕ್ಕೆ ಜೈಪುರ ಪಕ್ಕದ ಸಾಂಗನೇರ್ ಹೆಸರುವಾಸಿ. ಆದರೆ ನಮ್ಮ ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲೂ ಖಾದಿ ಪೇಪರ್ಸ್‌ನವರು ಹತ್ತಿ ಚೂರಿನಿಂದ ನೀರು ಬಣ್ಣದ ಕಾಗದ ಮಾಡುತ್ತಾರೆ. ಅದು ಇಂಗ್ಲೆಂಡಿನ ಆರ್ಟ್ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಮನೆಯಿಂದ ಅಷ್ಟು ಹತ್ತಿರ ಇಂಥದ್ದೊಂದು ನಡೆಯುತ್ತಿದೆ ಎಂದು ನನಗೆ ಹೇಳಿದ್ದು ಬೆಂಗಳೂರಿನಲ್ಲಿರುವ ಮಗಳು. ನಾವು ಇರುವುದು ಇಲ್ಲಿ, ಸುದ್ದಿ ಬರುವುದು ಅಲ್ಲಿಂದ.

ಇನ್ನು ಸೈಜಿಂಗ್ ವಿಷಯ. ಹಾಳೆ ನೀರನ್ನು ಒಮ್ಮೆಲೇ ಹೀರಿಕೊಳ್ಳದಂತೆ ಅದಕ್ಕೊಂದು ಲೇಪ ಕೊಟ್ಟಿರುತ್ತಾರೆ. ಕೆಲವರು ಅದಕ್ಕೆ ಜೆಲಟಿನ್ ಬಳಸುತ್ತಾರೆ. ಕ್ಯಾಪ್ಸೂಲ್ ಮಾತ್ರೆಯ ಸಿಪ್ಪೆ ಇರುತ್ತದಲ್ಲ, ಹೆಚ್ಚಿನವು ಅದರದ್ದೇ. ಪ್ರಾಣಿಯ ಎಲುಬು, ಚರ್ಮದಿಂದ ಬರುವಂಥದ್ದು. ನಮ್ಮ ಅಂಗಡಿಗೆ ಬರುವ ಕೆಲವು ಗಿರಾಕಿಗಳು ಕ್ಯಾಪ್ಸೂಲ್ ಬೇಡ, ಮಾತ್ರೆ ಕೊಡಿ ಎನ್ನುತ್ತಾರೆ. ಅಂಥವರು ಕಾಗದ ಕೊಳ್ಳುವಾಗಲೂ ಒಂದು ಮಾತು ಕೇಳುವುದು ಒಳ್ಳೆಯದು. ಜೆಲಟಿನ್ ಇಲ್ಲದ ಲೇಪವೂ ಇರುತ್ತದೆ.

ಲೇಪ ಸರಿ ಇದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಕೊನೆ ಪುಟದ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ನಿಂತು ನಿಧಾನಕ್ಕೆ ಇಳಿದರೆ ಸರಿ. ಬಿದ್ದ ಕೂಡಲೇ ಹರಡಿಕೊಂಡರೆ ಅದು ಬ್ಲಾಟಿಂಗ್ ಪೇಪರ್, ವಾಪಸ್ ಇಡಿ. ನನ್ನ ಪುಸ್ತಕದಲ್ಲಿ ಹೆಚ್ಚಿನ ಹಾಳೆ ಚೆನ್ನಾಗಿವೆ. ನಡುವೆ ಕೆಲವು ಮಾತ್ರ ಕುಡುಕ ಹಾಳೆಗಳು. ಅವುಗಳ ಮೇಲೆ ಬಣ್ಣ ಬಿಟ್ಟರೆ ಅಂಚು ನಿಲ್ಲುವುದಿಲ್ಲ, ಉಣ್ಣೆ ಎಳೆ ಬಿಚ್ಚಿದಂತೆ ಹೊರಗೆ ಹೋಗುತ್ತದೆ. 650 ಕೊಟ್ಟ ಮೇಲೆ ಇದು ಇರಬಾರದಿತ್ತು. ಬೈಂಡರ್‌ಗೆ ಹೇಳಿದೆ. "ಕೈ ಕೆಲಸ ರೀ" ಎಂದು ನಕ್ಕರು. ನನಗೇನೂ ನಗು ಬರಲಿಲ್ಲ. ಆ ಪುಟಗಳನ್ನು ಬರೀ ಬರೆಯಲು ಇಟ್ಟುಕೊಂಡಿದ್ದೇನೆ.

ಹೊಲಿಗೆಗೆ ಮಾತ್ರ ಪೂರ್ತಿ ಅಂಕ. ನಾಲ್ಕು ನಾಲ್ಕು ಹಾಳೆ ಮಡಚಿ, ಮೇಣ ತಿಕ್ಕಿದ ದಾರದಲ್ಲಿ ಹೊಲಿದಿದ್ದಾರೆ. ಯಾವ ಪುಟ ತೆಗೆದರೂ ಪುಸ್ತಕ ಅಂಗಾತ ಮಲಗುತ್ತದೆ. ತೊಡೆ ಮೇಲೆ ಇಟ್ಟುಕೊಂಡು ಬಣ್ಣ ಹಚ್ಚುವವರಿಗೆ ಇದರ ಬೆಲೆ ಗೊತ್ತು. ಬರೀ ಅಂಟು ಹಾಕಿದ ಪುಸ್ತಕಗಳಲ್ಲಿ ಒಂದು ಕೈ ಪುಟ ಒತ್ತಿ ಹಿಡಿಯಲಿಕ್ಕೇ ಬೇಕು. ಎರಡು ಪುಟಕ್ಕೂ ಸೇರಿ ಕೆರೆಯ ಉದ್ದ ದಂಡೆ ಬಿಡಿಸಬಹುದು, ನಡುವೆ ದಾರ ಕಾಣುತ್ತದೆ ಅಷ್ಟೇ.

ಇನ್ನು ಬಣ್ಣ ಹಚ್ಚುವ ಮಾತು. ಈ ಹಾಳೆ ಬೇಗ ಒಣಗುವುದಿಲ್ಲ. ನಾನು ಇದನ್ನು ಮೆಚ್ಚಿಕೊಂಡಿರುವುದೇ ಈ ಕಾರಣಕ್ಕೆ.

ಕೆಲಗೇರಿಯಲ್ಲಿ ಕೊಳದ ಬಕ ಒಂದು ದಂಡೆಯ ಕಲ್ಲಿನ ಹತ್ತಿರ ನಿಲ್ಲುತ್ತದೆ. ಕುತ್ತಿಗೆ ಒಳಗೆ ಎಳೆದುಕೊಂಡು, ಭುಜ ಕುಗ್ಗಿಸಿ, ಸಾಲ ಕೇಳಲು ಬಂದವರಂತೆ. ಪೆನ್ಸಿಲ್‌ನಲ್ಲಿ ಅದರ ಬೆನ್ನಿನ ಬಾಗು ಎಳೆದೆ. ಹಿಂದಿನ ನೀರಿಗೆ ತೆಳುವಾಗಿ ನೀಲಿ ಬಿಟ್ಟೆ. ಇನ್ನು ಹಕ್ಕಿಗೆ ಕಂದು ಹಚ್ಚಬೇಕು. ಆದರೆ ನೀಲಿ ಹಸಿ ಇದೆ. ಈಗ ಹಚ್ಚಿದರೆ ಕಂದು ಕೆರೆಯೊಳಗೆ ಹೋಗಿಬಿಡುತ್ತದೆ. ಚಳಿಗಾಲದ ಬೆಳಿಗ್ಗೆ ಈ ಹಾಳೆ ಒಣಗಲು ಹತ್ತು ನಿಮಿಷ ಬೇಕೇ ಬೇಕು. ಕಾಯುವುದು ಬಿಟ್ಟು ಬೇರೆ ಕೆಲಸ ಇಲ್ಲ. ಫೋನ್ ತೆಗೆಯೋಣ ಎಂದರೆ ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಪುಸ್ತಕ. ಸುಮ್ನೆ ಹಕ್ಕಿ ನೋಡುತ್ತಾ ಕೂತೆ.

ಆಗ ಕಂಡಿದ್ದು ಇಷ್ಟು. ಅದರ ಎದೆ ಮೇಲಿನ ಕಂದು ಪಟ್ಟೆಗಳು ಕುತ್ತಿಗೆಯಿಂದ ಕೆಳಗೆ ಇಳಿಯುತ್ತವೆ, ಅಡ್ಡ ಇಲ್ಲ. ಕಾಲು ಹಳದಿ ಹಸಿರು. ಕೊಕ್ಕಿನ ತುದಿ ಮಾತ್ರ ಕಪ್ಪು. ಮೈ ಅಲುಗಾಡುವುದಿಲ್ಲ, ಆದರೆ ಕಣ್ಣು ನೀರಿನ ಒಂದೇ ಜಾಗದ ಮೇಲಿದೆ, ಕುತ್ತಿಗೆ ಕಂಡೂ ಕಾಣದಷ್ಟು ಮುಂದೆ ಬರುತ್ತಿದೆ. ಕೊನೆಗೆ ಟಪ್ ಎಂದು ಕುಕ್ಕಿತು. ಏನು ಸಿಕ್ಕಿತೋ, ನುಂಗಿತು. ಆಮೇಲೆ ಯಾವುದೋ ನಾಯಿ ಬಂತು, ಹಕ್ಕಿ ಎದ್ದಿತು. ಎದ್ದ ಕ್ಷಣ ಇಡೀ ಹಕ್ಕಿ ಬೆಳ್ಳಗೆ! ರೆಕ್ಕೆಯೆಲ್ಲ ಬಿಳಿ, ಕೂತಾಗ ಕಂದು ಬೆನ್ನಿನ ಕೆಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಇಷ್ಟು ವರ್ಷ ಕೆರೆ ದಂಡೆ ಸುತ್ತಿದರೂ ಇದನ್ನು ನಾನು ಹೀಗೆ ನೋಡಿರಲಿಲ್ಲ. ಬೇಗ ಒಣಗುವ ಹಾಳೆಯಾಗಿದ್ದರೆ ಕಂದು ಬಳಿದು, ತಾರೀಕು ಬರೆದು ಎದ್ದು ಬರುತ್ತಿದ್ದೆ.

ಮಳೆಗಾಲ ಹತ್ತಿರ ಬಂದಾಗ ಅದೇ ಜಾತಿಯ ಹಕ್ಕಿ ಬೇರೆ ಉಡುಪಿನಲ್ಲಿ ಕಂಡಿತು. ಬೆನ್ನು ಕಡು ಕೆಂಗಂದು, ಕುತ್ತಿಗೆ ಮೇಲಿನ ಪಟ್ಟೆ ಮಾಯ. ಮರಿ ಮಾಡುವ ಕಾಲದ ಬಣ್ಣ ಅದು. ಎರಡು ಚಿತ್ರ ಒಂದೇ ಪುಸ್ತಕದಲ್ಲಿ ಇರುವುದರಿಂದ ತಿರುಗಿಸಿ ನೋಡಲು ಮಜಾ. ಅದಕ್ಕೇ ಬಿಡಿ ಹಾಳೆಗಿಂತ ಪುಸ್ತಕ ವಾಸಿ.

ಹೀಗೆ ಕೂತರೆ ಬಿಪಿ ಇಳಿಯುತ್ತಾ ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ನಾನು ಔಷಧಿ ಮಾರುವವಳು, ಹಾಗೆಲ್ಲ ಸುಲಭಕ್ಕೆ ಹೂಂ ಅನ್ನುವುದಿಲ್ಲ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರಿಗೆ 45 ನಿಮಿಷ ಚಿತ್ರ, ಮಣ್ಣು, ಕೊಲಾಜ್ ಕೆಲಸ ಕೊಟ್ಟು, ಮುಂಚೆ ಮತ್ತು ನಂತರ ಎಂಜಲು ಪರೀಕ್ಷೆ ಮಾಡಿದ್ದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸೋಲ್ ಇಳಿದಿತ್ತು. ಒತ್ತಡದ ಹಾರ್ಮೋನು ಎನ್ನುತ್ತಾರಲ್ಲ, ಅದು. ಚಿತ್ರ ಬರುವವರು, ಬರದವರು ಎಂಬ ಭೇದ ಅದರಲ್ಲಿ ದೊಡ್ಡದಾಗಿ ಕಾಣಲಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಜನ ಕಡಿಮೆ, ಸುಮ್ಮನೆ ಕೂರಿಸಿ ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಹಾಗಾಗಿ ಮಾತ್ರೆ ಬಿಟ್ಟು ಪುಸ್ತಕ ಹಿಡಿಯಬೇಡಿ. ನಾನೂ ಬಿಟ್ಟಿಲ್ಲ. ತಲೆಯೊಳಗಿನ ಅಂಗಡಿ ಸ್ವಲ್ಪ ಹೊತ್ತು ಶಟರ್ ಎಳೆಯುತ್ತದೆ, ಅಷ್ಟನ್ನು ಖಂಡಿತ ಹೇಳಬಲ್ಲೆ.

ಬಣ್ಣಕ್ಕೆ ನಾನು ಕ್ಯಾಮೆಲ್‌ನ 5 ಮಿಲಿ ಟ್ಯೂಬುಗಳನ್ನು ಬಳಸುತ್ತೇನೆ. ಅಲ್ಟ್ರಾಮರೀನ್ ನೀಲಿ, ಲೆಮನ್ ಹಳದಿ, ಗಾಂಬೋಜ್ ಹಳದಿ, ಕ್ರಿಮ್ಸನ್ ಕೆಂಪು, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು. ಐದೇ ಸಾಕು. ಡಬ್ಬಿಗೆ ದುಡ್ಡು ಹಾಕಲಿಲ್ಲ. ದೊಡ್ಡ ಕ್ಯಾಪ್ಸೂಲ್ ಖಾಲಿಯಾದ ಸ್ಟ್ರಿಪ್ ತಗೊಂಡು, ಚೆನ್ನಾಗಿ ತೊಳೆದು, ಒಂದೊಂದು ಗುಳಿಗೆ ಒಂದೊಂದು ಬಣ್ಣ ಹಿಂಡಿ, ಎರಡು ದಿನ ಒಣಗಲು ಬಿಡುತ್ತೇನೆ. ಅದನ್ನು ಹಳೇ ತಗಡಿನ ಡಬ್ಬಿಯ ಒಳಗೆ ಅಂಟಿಸಿದರೆ ಮುಗಿಯಿತು. ನೀರಿಗೆ ಕಣ್ಣಿನ ಡ್ರಾಪ್ಸ್‌ನ ಖಾಲಿ ಬಾಟಲಿ. ಒಂದೊಂದೇ ಹನಿ ಬಿಡಬಹುದು, ಚೀಲದಲ್ಲಿ ಸೋರುವುದಿಲ್ಲ. ಜೋರಾಗಿ ನಗುವವರು ನಗಲಿ, ಕೆಲಸ ಆಗುತ್ತದೆ.

ಹಸಿರನ್ನು ಮಾತ್ರ ಟ್ಯೂಬಿನಿಂದ ನೇರವಾಗಿ ಹಚ್ಚಬೇಡಿ. ಪ್ಲಾಸ್ಟಿಕ್ ತೋರಣದ ಬಣ್ಣ ಬರುತ್ತದೆ. ನೀಲಿಗೆ ಹಳದಿ ಸೇರಿಸಿ, ಒಂದು ಚೂರು ಸಿಯೆನ್ನಾ ಬೆರೆಸಿದರೆ ಹೊಂಗೆ, ಮಾವು, ಹುಣಸೆ ಮೂರಕ್ಕೂ ಮೂರು ಹಸಿರು ಸಿಗುತ್ತವೆ. ಬೇವಿನ ಚಿಗುರು, ಮಾವಿನ ಚಿಗುರು ಮೊದಲು ಹಸಿರೇ ಇರುವುದಿಲ್ಲ, ತಾಮ್ರ. ಅಲ್ಲಿ ಸಿಯೆನ್ನಾ ಜೊತೆ ಕ್ರಿಮ್ಸನ್.

ಒರಟು ಹಾಳೆ ಎಲ್ಲಿ ಗೆಲ್ಲುತ್ತದೆ ಎಂದು ನೋಡಬೇಕಾದರೆ ಮುತ್ತುಗದ ಹೂವು ಬಿಡಿಸಿ. ಶಿವರಾತ್ರಿ ಹೊತ್ತಿಗೆ ಕಲಘಟಗಿ ಕಡೆ ಹೋದರೆ ಎಲೆಯೆಲ್ಲ ಉದುರಿ ಮರ ಪೂರ್ತಿ ಕೇಸರಿ. ಒಂದು ಹೂವು ಕೈಯಲ್ಲಿ ಹಿಡಿದರೆ ಗಿಣಿಯ ಕೊಕ್ಕಿನಂತೆ ಬಾಗಿದ ದಳ, ಹಿಂದೆ ಕಪ್ಪಗಿನ ಕಂದು ತೊಟ್ಟು, ಮುಟ್ಟಿದರೆ ಮಖಮಲ್ಲು. ಗಾಂಬೋಜ್‌ಗೆ ಕ್ರಿಮ್ಸನ್ ಸೇರಿಸಿ ದಳಕ್ಕೆ ಹಚ್ಚಿದೆ. ತೊಟ್ಟಿಗೆ ಕುಂಚದ ನೀರು ಪೂರ್ತಿ ಒರೆಸಿ, ಒಣ ಬಣ್ಣವನ್ನು ಹಾಳೆ ಮೇಲೆ ಎಳೆದೆ. ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ಹತ್ತಿತು, ತಗ್ಗು ಬಿಳಿಯಾಗಿ ಉಳಿಯಿತು. ನೋಡಿದರೆ ಸಾಕ್ಷಾತ್ ಮಖಮಲ್ಲು. ನಾನು ಮಾಡಿದ್ದೇನೂ ಇಲ್ಲ, ಹಾಳೆಯೇ ಮಾಡಿಕೊಟ್ಟಿತು. ನುಣುಪು ಕಾಗದದಲ್ಲಿ ಇದಕ್ಕೆ ಒದ್ದಾಡಬೇಕು.

ಸೋಲುವುದು ಎಲ್ಲಿ? ಕೆಂಜಿಗದ ಗೂಡಿನಲ್ಲಿ. ಮಾವಿನ ಎಲೆಗಳನ್ನು ಎಳೆದು, ಮರಿಹುಳುಗಳ ರೇಷ್ಮೆಯಿಂದ ಅಂಟಿಸಿ ಗೂಡು ಕಟ್ಟುತ್ತವಲ್ಲ ಈ ಇರುವೆಗಳು, ಅದನ್ನು ಬರೆಯಲು ಕೂತೆ. ಎಲೆ ಬಂತು, ಇರುವೆ ಬರಲಿಲ್ಲ. ಕಾಲು ಎಳೆಯಲು ಹೋದರೆ ಪೆನ್ನು ಹಾಳೆಯ ಉಬ್ಬಿಗೆ ತಾಗಿ ಎಗರುತ್ತದೆ. ಇಂಥ ಹಾಳೆ ಮೇಲೆ ಯಾವ ಸಣ್ಣ ಮೊನೆಯ ಫೈನ್‌ಲೈನರ್ ಪೆನ್ನಾದರೂ ಮೊನೆ ಬೇಗ ಸವೆಯುತ್ತದೆ. ರಬ್ಬರ್ ಜೋರಾಗಿ ತಿಕ್ಕಿದರೆ ಹತ್ತಿಯ ಎಳೆ ಮೇಲೆ ಏಳುತ್ತದೆ, ಆ ಜಾಗದಲ್ಲಿ ಬಣ್ಣ ಕಲೆಯಾಗುತ್ತದೆ. 2ಬಿ ಪೆನ್ಸಿಲ್ ಹಗುರಾಗಿ ಹಿಡಿದು ಎಳೆಯುವುದೇ ಸರಿ. ಇರುವೆಯ ವಿಷಯ ಪಕ್ಕದಲ್ಲಿ ಅಕ್ಷರದಲ್ಲಿ ಬರೆದೆ.

ಮಗಳು ಇದನ್ನು ಒಪ್ಪುವುದಿಲ್ಲ. "ಅವ್ವಾ, ಇದರಾಗ ಡಿಟೇಲ್ ಬರೂದಿಲ್ಲ" ಎನ್ನುತ್ತಾಳೆ. ಅವಳದು ಬ್ರುಸ್ಟ್ರೋ ಕಂಪನಿಯ 300 ಜಿಎಸ್‌ಎಂ ಹಾಳೆ, 25% ಹತ್ತಿ, ಯಂತ್ರದಲ್ಲಿ ಮಾಡಿದ್ದು. ಎಲ್ಲ ಹಾಳೆ ಒಂದೇ ತರ, ಪೆನ್ನು ಸಲೀಸಾಗಿ ಓಡುತ್ತದೆ. ಚಿಟ್ಟೆ ರೆಕ್ಕೆಯ ನರ, ಜೇಡದ ಕಾಲು ಬಿಡಿಸುವವರು ಅದನ್ನೇ ಕೊಳ್ಳಿ. ಅವಳ ಮಾತು ಸುಳ್ಳಲ್ಲ. ಆದರೆ ಅವಳ ಚಿತ್ರ ನೋಡಿದವರು ಫೋಟೋ ತರ ಇದೆ ಎನ್ನುತ್ತಾರೆ. ನನ್ನದು ನೋಡಿ ಯಾರೂ ಹಾಗೆ ಅನ್ನುವುದಿಲ್ಲ. ಚೆಂದ ಮಾಡಿ ತೋರಿಸುವ ಆಸೆಯನ್ನೇ ಈ ಹಾಳೆ ತೆಗೆದುಬಿಡುತ್ತದೆ, ಉಳಿಯುವುದು ನೋಡುವುದೊಂದೇ.

ಜನ ಮಾತಾಡಿಸುವುದಕ್ಕೂ ಈ ಖಣದ ಹೊದಿಕೆ ಕಾರಣ. ಕೆರೆಗೆ ಎಮ್ಮೆ ಹೊಡೆದುಕೊಂಡು ಬರುವ ಒಬ್ಬ ಯಜಮಾನರು ದಿನಾ ಇಣುಕುತ್ತಾರೆ. ಒಮ್ಮೆ "ಅಕ್ಕಾರ, ಬರೀ ಹಕ್ಕಿ ಚಿತ್ರ ತಗೀತೀರಿ, ನಮ್ಮ ಎಮ್ಮೀನೂ ತಗೀರಿ" ಎಂದರು. ತೆಗೆದೆ. ಪುಸ್ತಕ ತಿರುಗಿಸಿ ನೋಡಿ, "ಎಡಗೋಡು ಡೊಂಕು ಐತಿ, ನೀವು ನೆಟ್ಟಗ ಮಾಡೀರಿ" ಎಂದರು. ನಿಜ, ಡೊಂಕೇ ಇತ್ತು. ಅಷ್ಟು ಚೊಕ್ಕ ವಿಮರ್ಶೆ ಯಾವ ಆರ್ಟ್ ಸ್ಕೂಲಿನಲ್ಲೂ ಸಿಗಲಿಕ್ಕಿಲ್ಲ.

ಈಗ ಮಳೆಗಾಲದ ತಕರಾರು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಬಂತೆಂದರೆ ವಾರಗಟ್ಟಲೆ ಗೋಡೆಯೂ ಒಣಗುವುದಿಲ್ಲ. ಹತ್ತಿ ಕಾಗದ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಗ ಹತ್ತು ನಿಮಿಷದ ಜಾಗದಲ್ಲಿ ಅರ್ಧ ಗಂಟೆ ಕಾದರೂ ಬಣ್ಣ ಹಸಿಯೇ. ತೇವ ಹಿಡಿದ ಹಾಳೆಗೆ ಬೂಷ್ಟೂ ಬರಬಹುದು, ಒಮ್ಮೆ ಬಂದರೆ ಆ ಚುಕ್ಕೆ ಹೋಗುವುದಿಲ್ಲ. ಮಾತ್ರೆ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಾನು ಎಸೆಯುವುದಿಲ್ಲ. ಪುಸ್ತಕವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಾಲ್ಕು ಪೊಟ್ಟಣ ಜೊತೆಗಿಡುತ್ತೇನೆ. ಮಕ್ಕಳಿರುವ ಮನೆಯಾದರೆ ಪೊಟ್ಟಣ ಕೈಗೆ ಸಿಗದಂತೆ ನೋಡಿಕೊಳ್ಳಿ. ಚಿತ್ರ ಮುಗಿದ ಮೇಲೆ ಪೂರ್ತಿ ಒಣಗದೆ ಪುಸ್ತಕ ಮುಚ್ಚಬಾರದು. ಜುಲೈ, ಆಗಸ್ಟ್‌ನಲ್ಲಿ ಸಾದಾ ಪುಸ್ತಕ, ಬರೀ ಪೆನ್ಸಿಲ್ ಸಾಕು.

ಖಣದ ಹೊದಿಕೆ ನೋಡಲು ಚೆಂದ, ಕೆರೆ ದಂಡೆಗೆ ಅಲ್ಲ. ಕೆಸರು ತಾಗಿದರೆ ಒರೆಸಲು ಬರುವುದಿಲ್ಲ. ಅಂಚಿನ ಬಟ್ಟೆ ಈಗಲೇ ಜುಂಗು ಬಿಡುತ್ತಿದೆ. ಬೈಂಡರ್ ಸಾದಾ ಕ್ಯಾಲಿಕೋ ಬಟ್ಟೆಯಲ್ಲೂ ಮಾಡಿಕೊಡುತ್ತಾರೆ, ಅದಕ್ಕೆ 100 ರೂಪಾಯಿ ಕಡಿಮೆ. ಉಡುಗೊರೆ ಕೊಡುವುದಾದರೆ ಖಣ, ಬಳಸುವುದಾದರೆ ಕ್ಯಾಲಿಕೋ.

ಹೊಸಬರು ಮೊದಲಿಗೇ ಇದನ್ನು ಕೊಳ್ಳಬೇಕಾ? ಬೇಡ. ದುಬಾರಿ ಹಾಳೆ ಎಂದರೆ ಕೈ ಹೆದರುತ್ತದೆ, ಪುಟ ಹಾಳಾದೀತು ಎಂದು ಬರೆಯುವುದೇ ಇಲ್ಲ. ಬೈಂಡರ್ ಹತ್ತಿರ ತುಂಡು ಹಾಳೆಗಳು ಉಳಿದಿರುತ್ತವೆ, ಕೇಳಿದರೆ ಹತ್ತಿಪ್ಪತ್ತು ರೂಪಾಯಿಗೆ ಒಂದು ಹಿಡಿ ಕೊಡುತ್ತಾರೆ. ಅದರ ಮೇಲೆ ಮನೆ ಮುಂದಿನ ದಾಸವಾಳವನ್ನೋ ಹೊಂಗೆ ಎಲೆಯನ್ನೋ ಬಿಡಿಸಿ ನೋಡಿ. ಹೊಂಗೆ ಎಲೆಯಾದರೆ ಸ್ವಲ್ಪ ಹಳೆಯದು ಆರಿಸಿ. ಎಲೆಯ ಒಳಗೇ ಕೊರೆಯುತ್ತಾ ಹೋದ ಹುಳದ ಬೆಳ್ಳನೆ ದಾರಿ ಅದರ ಮೇಲೆ ಅಂಕುಡೊಂಕಾಗಿ ಇರುತ್ತದೆ. ಅದನ್ನು ಹಿಂಬಾಲಿಸಿ ಬಿಡಿಸಲು ಅರ್ಧ ಗಂಟೆ ಸಾಲುವುದಿಲ್ಲ. ಆ ಅರ್ಧ ಗಂಟೆ ಇಷ್ಟವಾದರೆ ಪುಸ್ತಕ ಮಾಡಿಸಿ.

ನನ್ನದು ಮುಗಿಯುತ್ತಾ ಬಂದಿದೆ. ಮುಂದಿನದನ್ನು ಕ್ಯಾಲಿಕೋದಲ್ಲಿ, ಸ್ವಲ್ಪ ತೆಳ್ಳಗೆ, 48 ಪುಟಕ್ಕೆ ಹೇಳಿದ್ದೇನೆ. ಪೆನ್ಸಿಲ್ ಸಿಕ್ಕಿಸಲು ಪಕ್ಕದಲ್ಲಿ ಒಂದು ಎಲಾಸ್ಟಿಕ್ ಬೇಕು ಎಂದೆ. ಹಾಳೆಗಳನ್ನು ಹೊಲಿಯುವ ಮುಂಚೆ ನಾನೇ ಬಂದು ಒಂದೊಂದಕ್ಕೂ ಹನಿ ಬಿಟ್ಟು ನೋಡುತ್ತೇನೆ ಎಂದೂ ಹೇಳಿದೆ. ಎಲಾಸ್ಟಿಕ್‌ಗೆ 20 ರೂಪಾಯಿ ಜಾಸ್ತಿ ಆಗುತ್ತದೆ ಎಂದರು. ಹನಿ ಬಿಡುವುದಕ್ಕೆ ಏನೂ ಅನ್ನಲಿಲ್ಲ, ಕುರ್ಚಿ ಮಾತ್ರ ನೀವೇ ತರಬೇಕು ಎಂದರು.